‘ಅಷ್ಟೇನಾ?’ ಅನ್ನುವ ಮೊದಲು

ಊರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದಾಗ ಸಂಜೆ ಏಳೂಕಾಲು. ತೋಟದಿಂದ ಮನೆಗೆ ಬರುತ್ತಿದ್ದನಂತೆ. ‘ಅಣ್ಣಾ, ಬೇಗ ಹೊರಗೆ ಬಂದು ಮೇಲೆ ನೋಡು. ಸಾಲಾಗಿ ಲೈಟು ಹೋಗ್ತಾ ಇದಾವೆ, ರೈಲಿನ ಥರ. ಒಂಚೂರೂ ಶಬ್ದ ಇಲ್ಲ. ಇಡೀ ಊರೇ ಬೀದಿಗೆ ಬಂದಿದೆ’ ಅಂದ. ನಾನು ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿಗೆ ಓಡಿಬಂದು ನೋಡಿದರೆ ಎದುರಿನ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕು ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ಅವನು ವರ್ಣಿಸಿದ ರೀತಿಯಿಂದಲೇ ಅದೇನೆಂದು ಗೊತ್ತಾಯಿತು.

‘ಅದು ಸ್ಟಾರ್‌ಲಿಂಕ್ ಕಣೋ. ಇಂಟರ್‌ನೆಟ್ ಕೊಡೋ ಉಪಗ್ರಹಗಳು. ಒಂದೇ ರಾಕೆಟ್ಟಲ್ಲಿ ಹತ್ತಾರು ಹೋಗ್ತಾವೆ. ಬಿಟ್ಟ ಹೊಸತರಲ್ಲಿ ಒಂದರ ಹಿಂದೆ ಒಂದು ಇರ್ತಾವೆ, ಆಮೇಲೆ ದೂರ ದೂರ ಆಗಿ ಇನ್ನೂ ಮೇಲಕ್ಕೆ ಹೋಗ್ತಾವೆ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಅಷ್ಟೇನಾ?’ ಅಂದ. ಅವನ ಹಿಂದೆ ನಿಂತಿದ್ದ ಯಾರೋ ‘ಥತ್, ಅಷ್ಟೇನಾ’ ಅಂದದ್ದೂ ಕೇಳಿಸಿತು.

ಈ ಬರಹ ಆ ‘ಅಷ್ಟೇನಾ’ದ ವಿರುದ್ಧ. ನನ್ನ ತಮ್ಮನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಆ ಮಾತು ಕಲಿಸಿಕೊಟ್ಟವರ ಮೇಲಿದೆ. ಆಕಾಶದಲ್ಲಿ ಏನೋ ಕಂಡಿತು ಅಂದ ಕೂಡಲೇ ‘ಅನ್ಯಗ್ರಹ ಜೀವಿಗಳು ಬಂದೇಬಿಟ್ಟವಾ?’ ಎಂದು ಹಿನ್ನೆಲೆ ಸಂಗೀತದ ಜೊತೆ ಅರ್ಧ ಗಂಟೆ ಓಡಿಸುವ ಟಿವಿ ಚಾನೆಲ್ಲುಗಳ ಮೇಲಿದೆ. ಅದಕ್ಕಿಂತ ಹೆಚ್ಚಾಗಿ, ಹಾರುವ ತಟ್ಟೆಯನ್ನು ನಂಬುವುದೇ ವ್ಯವಸ್ಥೆಯನ್ನು ಪ್ರಶ್ನಿಸುವ ಧೈರ್ಯ ಎಂದುಕೊಂಡಿರುವ ನನ್ನ ಓದುಗ ಗೆಳೆಯರ ಮೇಲಿದೆ. ‘ಸರ್ಕಾರಗಳು ಮುಚ್ಚಿಡುತ್ತಿವೆ’ ಅನ್ನುತ್ತಾರೆ ಇವರು. ನಾನೂ ಅದನ್ನೇ ಹೇಳುತ್ತೇನೆ. ಆದರೆ ಏನನ್ನು ಮುಚ್ಚಿಡುತ್ತಿವೆ ಎಂಬಲ್ಲಿ ನಮ್ಮ ದಾರಿ ಬೇರೆಯಾಗುತ್ತದೆ. ಇವರು ನಂಬಿರುವ ಕಥೆಯಿಂದ ಅತಿ ಹೆಚ್ಚು ಲಾಭವಾಗಿರುವುದು ಮುಚ್ಚಿಡುವವರಿಗೇ ಎಂಬುದು ನನ್ನ ವಾದ.

ಮೊದಲು ಒಂದು ಪದದ ಲೆಕ್ಕ ಸರಿಮಾಡಿಕೊಳ್ಳೋಣ. ‘ಗುರುತು ಸಿಗದ ಹಾರುವ ವಸ್ತು’ ಎನ್ನುವಾಗ ಗುರುತು ಸಿಗದಿರುವುದು ಆ ವಸ್ತುವಿನ ಗುಣವಲ್ಲ, ನೋಡಿದವರ ಸ್ಥಿತಿ. ಪೊಲೀಸ್ ಠಾಣೆಯ ಗೋಡೆಯ ಮೇಲೆ ‘ಅಪರಿಚಿತ ಶವ’ ಎಂಬ ಪ್ರಕಟಣೆ ಅಂಟಿಸಿರುತ್ತಾರೆ. ಎತ್ತರ, ಮೈಬಣ್ಣ, ತೊಟ್ಟ ಅಂಗಿ, ಸಿಕ್ಕ ಜಾಗ ಎಲ್ಲ ಬರೆದಿರುತ್ತದೆ. ಅದನ್ನು ಓದಿದ ಯಾರೂ ಈ ಮನುಷ್ಯ ಮಂಗಳ ಗ್ರಹದವನಿರಬೇಕು ಅನ್ನುವುದಿಲ್ಲ. ಯಾರದೋ ಮನೆಯವನು, ಮನೆಯವರಿಗಿನ್ನೂ ಸುದ್ದಿ ಮುಟ್ಟಿಲ್ಲ ಎಂದೇ ತಿಳಿಯುತ್ತೇವೆ. ಆಕಾಶದ ವಿಷಯಕ್ಕೆ ಬಂದಾಗ ಮಾತ್ರ ‘ಏನೆಂದು ಗೊತ್ತಿಲ್ಲ’ ಎಂಬುದು ‘ಏನೆಂದು ಗೊತ್ತು’ ಎಂದಾಗಿಬಿಡುತ್ತದೆ. ಗುರುತು ಸಿಗಲಿಲ್ಲ, ಆದ್ದರಿಂದ ಬೇರೆ ಲೋಕದ್ದು. ಇಂಥ ತರ್ಕವನ್ನು ಪರೀಕ್ಷೆಯಲ್ಲಿ ಬರೆದರೆ ಹೈಸ್ಕೂಲು ಮೇಷ್ಟ್ರೂ ಅಂಕ ಕೊಡುವುದಿಲ್ಲ.

ಕನ್ನಡದ ಎಷ್ಟೋ ಓದುಗರು ಈ ವಿಷಯಕ್ಕೆ ಬಂದದ್ದು ತೇಜಸ್ವಿಯವರ ‘ಫ್ಲೈಯಿಂಗ್ ಸಾಸರ್ಸ್’ ಪುಸ್ತಕಗಳ ಮೂಲಕ. ನಾನೂ ಹಾಗೇ ಬಂದವನು. ಆ ವಯಸ್ಸಿನಲ್ಲಿ ಆದ ರೋಮಾಂಚನವನ್ನು ಇಂದು ಅಲ್ಲಗಳೆಯಲಾರೆ. ಆದರೆ ‘ತಟ್ಟೆ’ ಎಂಬ ಆ ಆಕಾರ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆ ನನ್ನನ್ನು ಇನ್ನೂ ಹೆಚ್ಚು ಬೆರಗುಗೊಳಿಸಿತು. 1947ರ ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ಅಮೆರಿಕದ ಖಾಸಗಿ ಪೈಲಟ್ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಪರ್ವತದ ಹತ್ತಿರ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡ. ನೀರಿನ ಮೇಲೆ ತಟ್ಟೆ ಎಸೆದರೆ ಅದು ಹೇಗೆ ಕುಪ್ಪಳಿಸುತ್ತಾ ಹೋಗುತ್ತದೋ ಹಾಗೆ ಅವು ಹಾರಿದವು ಅಂದ. ಅವನು ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಗಳು ಅದನ್ನು ಆಕಾರ ಮಾಡಿದವು, ‘ಹಾರುವ ತಟ್ಟೆ’ ಹುಟ್ಟಿತು. ಅಲ್ಲಿಂದ ಮುಂದೆ ಸಾವಿರಾರು ಜನ ತಟ್ಟೆಯನ್ನೇ ನೋಡತೊಡಗಿದರು. ಅನ್ಯಲೋಕದವರು ನಿಜವಾಗಿ ಬಂದಿದ್ದರೆ, ಯಾವುದೋ ವರದಿಗಾರನ ತಪ್ಪು ಗ್ರಹಿಕೆಗೆ ಸರಿಹೊಂದುವಂತೆ ತಮ್ಮ ವಾಹನದ ವಿನ್ಯಾಸ ಬದಲಿಸಿಕೊಂಡರೇ?

ಇದು ಮೊದಲ ಸಲವೇನೂ ಅಲ್ಲ. 1896-97ರಲ್ಲಿ, ವಿಮಾನ ಇನ್ನೂ ಹುಟ್ಟಿರದ ಕಾಲದಲ್ಲಿ, ಅಮೆರಿಕದ ಉದ್ದಗಲಕ್ಕೂ ಜನ ನಿಗೂಢ ‘ವಾಯುನೌಕೆ’ಗಳನ್ನು ಕಂಡರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಜರ್ಮನಿಯ ರಾಕೆಟ್ಟುಗಳ ನೆನಪು ಹಸಿಯಾಗಿದ್ದಾಗ, ಸ್ವೀಡನ್ನಿನಲ್ಲಿ ‘ಭೂತ ರಾಕೆಟ್’ಗಳು ಕಂಡವು. ನಮ್ಮ ಅಜ್ಜಿಯರ ಕಾಲದಲ್ಲಿ ಗದ್ದೆ ಬಯಲಿನಾಚೆ ರಾತ್ರಿ ಚಲಿಸಿದ ಬೆಳಕು ಕೊಳ್ಳಿದೆವ್ವವಾಗಿತ್ತು. ಪ್ರತಿ ಕಾಲವೂ ತನಗೆ ಗೊತ್ತಿರುವ ಭಯವನ್ನು, ತನಗೆ ಗೊತ್ತಿರುವ ಯಂತ್ರವನ್ನು ಕತ್ತಲಲ್ಲಿ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1958ರಲ್ಲಿ ಹಾರುವ ತಟ್ಟೆಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದು ಇದನ್ನು ಆಧುನಿಕ ಪುರಾಣವೆಂದು ಕರೆದ. ಸಾಹಿತ್ಯ ಓದುವವರಿಗೆ ಇದರಲ್ಲಿ ಬೇಕಾದಷ್ಟು ಸರಕಿದೆ. ಆದರೆ ಪುರಾಣ ಎಂದು ಹೇಳಿ ಕೈತೊಳೆದುಕೊಂಡರೆ ಅರ್ಧ ಸತ್ಯ ತಪ್ಪಿಹೋಗುತ್ತದೆ. ಏಕೆಂದರೆ ಬಹಳ ಸಲ ಆಕಾಶದಲ್ಲಿ ನಿಜವಾಗಿಯೂ ಏನೋ ಇತ್ತು.

ರಾಸ್‌ವೆಲ್ ವಿಷಯವನ್ನೇ ನೋಡಿ. 1947ರ ಜುಲೈ 8ರಂದು ನ್ಯೂ ಮೆಕ್ಸಿಕೋದ ರಾಸ್‌ವೆಲ್ ಸೇನಾ ವಾಯುನೆಲೆ, ಒಬ್ಬ ಪಶುಪಾಲಕನ ಹುಲ್ಲುಗಾವಲಿನಲ್ಲಿ ‘ಹಾರುವ ತಟ್ಟೆ’ ಸಿಕ್ಕಿದೆ ಎಂದು ಪ್ರಕಟಣೆ ಕೊಟ್ಟಿತು. ಆ ಕೂಡಲೇ ಮೇಲಿನ ಅಧಿಕಾರಿಗಳು ಇಲ್ಲ, ಅದು ಹವಾಮಾನ ಬಲೂನು ಅಂದರು. ಸಿಕ್ಕಿದ್ದೇನು? ರಬ್ಬರು, ಬೆಳ್ಳಿಬಣ್ಣದ ತೆಳು ಹಾಳೆ, ಕಡ್ಡಿಗಳು, ಅಂಟುಪಟ್ಟಿ. ಮುಂದಿನ ಮೂವತ್ತು ವರ್ಷ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. 1970ರ ದಶಕದ ಕೊನೆಯಲ್ಲಿ ಕಥೆ ಮತ್ತೆ ಚಿಗುರಿ, ಅದಕ್ಕೆ ಅನ್ಯಗ್ರಹದವರ ಹೆಣಗಳೂ ಸೇರಿಕೊಂಡವು. 1994ರಲ್ಲಿ ಅಮೆರಿಕದ ವಾಯುಪಡೆ ಬಾಯಿಬಿಟ್ಟಿತು. ಅದು ‘ಮೊಗಲ್’ ಎಂಬ ಗುಪ್ತ ಯೋಜನೆಯ ಬಲೂನು ಸರಣಿ. ಸೋವಿಯತ್ ಒಕ್ಕೂಟ ಎಲ್ಲಾದರೂ ಅಣುಬಾಂಬು ಸಿಡಿಸಿದರೆ ಆ ಸ್ಫೋಟದ ಶಬ್ದದಲೆ ವಾತಾವರಣದ ಮೇಲ್ಪದರದಲ್ಲಿ ಬಹುದೂರ ಸಾಗುತ್ತದೆ. ಅದನ್ನು ಕೇಳಿಸಿಕೊಳ್ಳಲು ಬಲೂನಿಗೆ ಕಿವಿ ಕಟ್ಟಿ ಮೇಲೆ ಬಿಟ್ಟಿದ್ದರು.

ಸರ್ಕಾರ ಸುಳ್ಳು ಹೇಳಿದ್ದು ನಿಜ, ಮುಚ್ಚಿಟ್ಟಿದ್ದೂ ನಿಜ. ಆದರೆ ಮುಚ್ಚಿಟ್ಟಿದ್ದು ಅನ್ಯಲೋಕವನ್ನಲ್ಲ, ಅಣುಯುದ್ಧದ ತಯಾರಿಯನ್ನು. ಇವೆರಡರಲ್ಲಿ ಯಾವುದು ಹೆಚ್ಚು ಭಯಾನಕ? ಹಿರೋಷಿಮಾ ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಆಗಲೇ ಮನುಷ್ಯ ಮುಂದಿನ ಸ್ಫೋಟಕ್ಕೆ ಆಕಾಶದಲ್ಲಿ ಕಿವಿ ನೇತುಹಾಕಿ ಕಾಯುತ್ತಿದ್ದ. ಇದನ್ನು ಕೇಳಿಯೂ ಯಾರಾದರೂ ‘ಅಷ್ಟೇನಾ?’ ಅಂದರೆ ಅವರ ಜೊತೆ ಏನು ಮಾತಾಡುವುದೋ ನನಗೆ ತಿಳಿಯದು.

ಈ ಗುಟ್ಟುಗಳಿಗೆ ಮನುಷ್ಯರ ಪ್ರಾಣವೂ ಹೋಗಿದೆ. 1948ರ ಜನವರಿ 7ರಂದು ಕೆಂಟಕಿಯ ಆಕಾಶದಲ್ಲಿ ದೊಡ್ಡ ಹೊಳೆಯುವ ವಸ್ತು ಕಂಡಿತು. ಥಾಮಸ್ ಮ್ಯಾಂಟೆಲ್ ಎಂಬ ವಾಯುಪಡೆಯ ಪೈಲಟ್ ಅದರ ಬೆನ್ನು ಹತ್ತಿ, ಆಮ್ಲಜನಕದ ವ್ಯವಸ್ಥೆ ಇಲ್ಲದ ವಿಮಾನದಲ್ಲಿ ಮೇಲೆ ಮೇಲೆ ಏರಿ, ನೆಲಕ್ಕೆ ಬಿದ್ದು ಸತ್ತ. ಮೊದಲು ‘ಅವನು ನೋಡಿದ್ದು ಶುಕ್ರಗ್ರಹ’ ಎಂಬ ಸಬೂಬು ಬಂತು. ಆಮೇಲೆ ಹೊರಬಂದ ಸಂಗತಿಗಳಿಂದ, ಅದು ನೌಕಾಪಡೆಯ ‘ಸ್ಕೈಹುಕ್’ ಎಂಬ ಗುಪ್ತ ಬಲೂನು ಆಗಿದ್ದಿರಬೇಕು ಎಂಬುದೇ ಹೆಚ್ಚು ನಂಬಲರ್ಹ ವಿವರಣೆಯಾಗಿ ಉಳಿದಿದೆ. ಒಂದು ಪಡೆಯ ಗುಟ್ಟು ಇನ್ನೊಂದು ಪಡೆಗೆ ಗೊತ್ತಿರಲಿಲ್ಲ. ತನ್ನದೇ ದೇಶದ ಬಲೂನನ್ನು ಅಟ್ಟಿಸಿಕೊಂಡು ಹೋಗಿ ಒಬ್ಬ ಯುವಕ ಸತ್ತ. ಹಾರುವ ತಟ್ಟೆಯ ಪುಸ್ತಕಗಳಲ್ಲಿ ಅವನು ಅನ್ಯಗ್ರಹದವರಿಗೆ ಬಲಿಯಾದ ವೀರ. ಹಾಗೆ ಬರೆದ ಪ್ರತಿಯೊಬ್ಬ ಲೇಖಕನೂ, ಅವನ ಸಾವಿಗೆ ಉತ್ತರ ಹೇಳಬೇಕಾಗಿದ್ದ ಕಚೇರಿಗಳನ್ನು ಸುಮ್ಮನೆ ಬಿಟ್ಟುಕೊಟ್ಟ.

ಯು-2 ಬೇಹು ವಿಮಾನದ್ದು ಇನ್ನೂ ದೊಡ್ಡ ಕಥೆ. 1955ರಲ್ಲಿ ಅದು ಹಾರಲು ಶುರುಮಾಡಿದಾಗ ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ 10,000ದಿಂದ 20,000 ಅಡಿಗಳಲ್ಲಿ ಹಾರುತ್ತಿದ್ದವು. ಯು-2 ಹಾರುತ್ತಿದ್ದದ್ದು 60,000 ಅಡಿಗೂ ಮೇಲೆ. ಸಂಜೆ ಕೆಳಗಿನ ವಿಮಾನ ಕತ್ತಲಲ್ಲಿರುವಾಗ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು. ಬೆಳ್ಳಿಯ ರೆಕ್ಕೆಗೆ ಬಿಸಿಲು ಬಿದ್ದು ಕೆಂಪಗೆ ಉರಿಯುವಂತೆ ಕಾಣುತ್ತಿತ್ತು. ಮನುಷ್ಯರು ಆ ಎತ್ತರದಲ್ಲಿ ಹಾರಬಲ್ಲರು ಎಂದೇ ಯಾರೂ ನಂಬಿರದ ಕಾಲ. ಪೈಲಟ್‌ಗಳಿಂದ ವರದಿಗಳು ಬಂದವು. ಅಂಥ ವರದಿಗಳನ್ನು ಪರಿಶೀಲಿಸುತ್ತಿದ್ದ ವಾಯುಪಡೆಯ ‘ಬ್ಲೂ ಬುಕ್’ ಯೋಜನೆಯವರು ಯು-2 ಹಾರಾಟದ ಪಟ್ಟಿಯ ಜೊತೆ ತಾಳೆ ನೋಡುತ್ತಿದ್ದರು. ನಿಜ ಗೊತ್ತಾದರೂ ಹೇಳುವಂತಿರಲಿಲ್ಲ. ಹಾಗಾಗಿ ಮಂಜಿನ ಹರಳು, ಗಾಳಿಯ ಉಷ್ಣತೆಯ ಏರುಪೇರು ಎಂದು ಏನೋ ಒಂದು ಹೇಳಿ ಕಳಿಸುತ್ತಿದ್ದರು. ಇದನ್ನು 1997ರಲ್ಲಿ ಬರೆದು ಪ್ರಕಟಿಸಿದ್ದು ಸಿಐಎಯ ಇತಿಹಾಸಕಾರರೇ. ಐವತ್ತರ ದಶಕದ ಕೊನೆ ಮತ್ತು ಅರವತ್ತರ ದಶಕದ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಮ್ಮ ಬೇಹು ವಿಮಾನಗಳದ್ದೇ ಎಂಬ ಮಾತೂ ಅದರಲ್ಲಿದೆ. ಈ ‘ಅರ್ಧಕ್ಕಿಂತ ಹೆಚ್ಚು’ ಎಂಬುದನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಗುಪ್ತಚರ ಸಂಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಲೆಕ್ಕವನ್ನು ಅನುಮಾನದಿಂದಲೇ ನೋಡಬೇಕು. ಆದರೆ ಗುಟ್ಟು ಬಯಲಾಗದಿರಲೆಂದು ಜನರಿಗೆ ಸುಳ್ಳು ಕಾರಣ ಕೊಟ್ಟೆವು ಎಂಬ ಭಾಗ ತಪ್ಪೊಪ್ಪಿಗೆ. ತಪ್ಪೊಪ್ಪಿಗೆಗೆ ಬೇರೆ ತೂಕವಿದೆ.

2025ರಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಇನ್ನೂ ಒಂದು ಹೆಜ್ಜೆ ಮುಂದಿನ ಸುದ್ದಿ ಬರೆಯಿತು. 1980ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಅಧಿಕಾರಿಯೊಬ್ಬ ಗುಪ್ತ ನೆಲೆಯ ಹತ್ತಿರದ ಬಾರೊಂದರ ಮಾಲೀಕನಿಗೆ ಹಾರುವ ತಟ್ಟೆಯ ನಕಲಿ ಫೋಟೋಗಳನ್ನು ಕೊಟ್ಟಿದ್ದನಂತೆ. ಅಲ್ಲಿ ಪರೀಕ್ಷೆಯಾಗುತ್ತಿದ್ದ, ರೇಡಾರಿಗೆ ಸಿಗದ ಯುದ್ಧವಿಮಾನದ ಕಡೆ ಜನರ ಗಮನ ಹರಿಯದಿರಲಿ ಎಂದು. ಇದು ನಿಜವಾಗಿದ್ದರೆ, ಹಾರುವ ತಟ್ಟೆಯ ಭಕ್ತರು ತಮ್ಮನ್ನು ತಾವು ಸೇನೆಯ ಗುಟ್ಟು ಒಡೆಯುವವರೆಂದು ತಿಳಿದುಕೊಂಡು, ಸಂಬಳವಿಲ್ಲದೆ ಆ ಗುಟ್ಟನ್ನು ಕಾಯುತ್ತಿದ್ದರು.

ಅಮೆರಿಕದ ಕಥೆ ಸಾಕು, ನಮ್ಮ ಆಕಾಶಕ್ಕೆ ಬನ್ನಿ. ಇಲ್ಲಿ ಪಣಕ್ಕಿಟ್ಟದ್ದು ಇನ್ನೂ ದೊಡ್ಡದಿತ್ತು. 2012-13ರ ಚಳಿಗಾಲದಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ಮೇಲೆ ನಮ್ಮ ಸೈನಿಕರು ದಿನವೂ ಹೊಳೆಯುವ ವಸ್ತುಗಳನ್ನು ಕಂಡರು. ಚೀನಾದ ಬೇಹು ಡ್ರೋನ್‌ಗಳೆಂದು ಅನುಮಾನ. 2013ರ ಫೆಬ್ರವರಿ ಹೊತ್ತಿಗೆ 329 ಸಲ ಕಂಡಿದ್ದು ದಾಖಲಾಗಿತ್ತು, ಅದರಲ್ಲಿ 155 ಸಲ ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ಬಂದಿವೆ ಎಂದು ಲೆಕ್ಕ ಹಾಕಲಾಗಿತ್ತು ಎಂದು ಕಲ್ಕತ್ತೆಯ ‘ಟೆಲಿಗ್ರಾಫ್’ ವರದಿ ಮಾಡಿತು. ಕೊನೆಗೆ ಸೇನೆ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೆರವು ಕೇಳಿತು. ಕೋರಮಂಗಲದ ಈ ಸಂಸ್ಥೆಯ ದೂರದರ್ಶಕಗಳು ಲಡಾಖಿನ ಹಾನ್ಲೆಯಲ್ಲೇ ಇವೆ. ಖಗೋಳ ವಿಜ್ಞಾನಿಗಳು ಆ ಬೆಳಕುಗಳ ಸಮಯ, ದಿಕ್ಕು, ಚಲನೆಯನ್ನು ನಕ್ಷತ್ರಗಳ ಚಲನೆಯ ಜೊತೆ ಹೋಲಿಸಿದರು. ಒಂದು ಗುರು, ಇನ್ನೊಂದು ಶುಕ್ರ.

ಈ ಸುದ್ದಿ ಬಂದಾಗ ಬಹಳ ಜನ ನಕ್ಕರು. ಆ ನಗುವಿನಲ್ಲಿ ನಾನು ಸೇರಲಾರೆ. ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದ ಜಾಗ. ಗಾಳಿ ತೆಳು, ಧೂಳಿಲ್ಲ, ಊರಿನ ದೀಪವಿಲ್ಲ. ಅಲ್ಲಿ ಕಾಣುವ ಗುರುಗ್ರಹ ನಾವು ನೋಡಿದ ಗುರುಗ್ರಹವಲ್ಲ. ಆ ಡಿಸೆಂಬರಿನಲ್ಲಿ ಗುರು ಭೂಮಿಗೆ ಹತ್ತಿರವಿದ್ದು ಸಂಜೆಯಿಂದ ರಾತ್ರಿಯಿಡೀ ಬೆಳಗುತ್ತಿದ್ದ. ಶುಕ್ರ ಬೆಳಗಿನ ಜಾವ ಮೂಡುತ್ತಿದ್ದ. ಅಂದರೆ ಒಬ್ಬ ಪಾಳಿ ಮುಗಿಸುವ ಹೊತ್ತಿಗೆ ಇನ್ನೊಬ್ಬ ಹಾಜರಿ. 1962ರ ನೆನಪಿರುವ ಗಡಿಯಲ್ಲಿ, ಕೊರೆಯುವ ಚಳಿಯಲ್ಲಿ, ಎದುರುಗಡೆಯಿಂದ ಏನಾದರೂ ಬರಬಹುದು ಎಂದೇ ಕಾಯುತ್ತಾ ನಿಂತವನಿಗೆ ಅದು ಡ್ರೋನಿನಂತೆ ಕಂಡರೆ ಅವನನ್ನು ಹಾಸ್ಯ ಮಾಡುವ ಹಕ್ಕು, ಹಾಸಿಗೆಯಲ್ಲಿ ಮಲಗಿ ಮೊಬೈಲ್ ನೋಡುವ ನಮಗಿಲ್ಲ. ಅವನು ಕಂಡದ್ದನ್ನು ಬರೆದಿಟ್ಟ. ಆ ಬರಹ ಇದ್ದದ್ದರಿಂದಲೇ ವಿಜ್ಞಾನಿಗಳಿಗೆ ತಾಳೆ ನೋಡಲು ಸಾಧ್ಯವಾಯಿತು. ಆ ವರ್ಷವೇ ಏಪ್ರಿಲಿನಲ್ಲಿ ಡೆಪ್ಸಾಂಗ್‌ನಲ್ಲಿ ಎರಡೂ ಸೇನೆಗಳು ಮೂರು ವಾರ ಮುಖಾಮುಖಿ ನಿಂತವು. ಅಂಥ ಕಾಲದಲ್ಲಿ ಗ್ರಹವನ್ನು ಶತ್ರುವೆಂದು ತಿಳಿದು ಯಾರಾದರೂ ಗುಂಡು ಹಾರಿಸಿದ್ದರೆ? ‘ಗುರು, ಶುಕ್ರ, ಅಷ್ಟೇನಾ?’ ಎಂದು ಕೇಳುವವರು ಇದಕ್ಕೆ ಉತ್ತರಿಸಲಿ.

2022ರಲ್ಲಿ ಒಂದೇ ವರ್ಷ ಎರಡು ಘಟನೆ ನಡೆದವು. ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದ ಜನ ಆಕಾಶದಲ್ಲಿ ಉರಿಯುತ್ತಾ ಹೋದ ಬೆಂಕಿಯ ಗೆರೆಗಳನ್ನು ನೋಡಿದರು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೇ ಬಂದು ಬಿತ್ತು. ಅದು ವಾತಾವರಣಕ್ಕೆ ಮರಳಿದ ಚೀನಾದ ರಾಕೆಟ್ಟಿನ ಭಾಗವೆಂದು ತಜ್ಞರು ಗುರುತಿಸಿದರು. ಡಿಸೆಂಬರ್ 15ರ ಸಂಜೆ ಪಶ್ಚಿಮ ಬಂಗಾಳದ ಆಕಾಶದಲ್ಲಿ ಟಾರ್ಚಿನ ಬೆಳಕಿನಂಥದೊಂದು ಕಾಣಿಸಿಕೊಂಡು ಜಾಲತಾಣಗಳಲ್ಲಿ ‘ಏಲಿಯನ್’ ಗದ್ದಲವೆದ್ದಿತು. ಅದು ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಹಾರಿದ ನಮ್ಮದೇ ಅಗ್ನಿ-5 ಕ್ಷಿಪಣಿ.

ಚಂದ್ರಪುರದ ಬಳೆ ಯಾರ ಮನೆಯ ಮೇಲಾದರೂ ಬಿದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಬಾಹ್ಯಾಕಾಶಕ್ಕೆ ಕಳಿಸಿದ ವಸ್ತುವಿನಿಂದ ಭೂಮಿಯ ಮೇಲೆ ಹಾನಿಯಾದರೆ ಕಳಿಸಿದ ದೇಶ ಪರಿಹಾರ ಕೊಡಬೇಕು ಎಂಬ ಅಂತರರಾಷ್ಟ್ರೀಯ ಒಪ್ಪಂದ 1972ರಿಂದಲೇ ಇದೆ. ಆದರೆ ಪರಿಹಾರ ಕೇಳಲು ಮೊದಲು ಅದು ಯಾರದ್ದು ಎಂದು ಗೊತ್ತಾಗಬೇಕು. ಅನ್ಯಗ್ರಹದವರ ಮೇಲೆ ಯಾವ ಕೋರ್ಟಿನಲ್ಲೂ ಅರ್ಜಿ ಹಾಕಲಾಗದು. ಆಕಾಶದ ವಸ್ತುವಿಗೆ ಭೂಮಿಯ ವಿಳಾಸ ಸಿಕ್ಕಾಗ ಮಾತ್ರ ಅದಕ್ಕೊಬ್ಬ ಹೊಣೆಗಾರ ಸಿಗುತ್ತಾನೆ.

ಹೊಣೆಗಾರರು ತಾವಾಗಿಯೇ ವಿಳಾಸ ಬರೆದು ಕಳಿಸುವ ಉದಾಹರಣೆಯೂ ನಮ್ಮಲ್ಲೇ ಇದೆ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದೆ. ಅಲ್ಲಿಂದ ಬಿಡುವ ದೈತ್ಯ ಬಲೂನುಗಳು ಉಪಕರಣ ಹೊತ್ತು 30-40 ಕಿಲೋಮೀಟರ್ ಎತ್ತರಕ್ಕೆ ಹೋಗುತ್ತವೆ. ನೆಲದಲ್ಲಿ ಕತ್ತಲಾದ ಮೇಲೂ ಅಷ್ಟೆತ್ತರದಲ್ಲಿ ಬಿಸಿಲು ಇರುವುದರಿಂದ ಬಲೂನು ಒಂದೇ ಕಡೆ ನಿಂತ ವಿಚಿತ್ರ ನಕ್ಷತ್ರದಂತೆ ಹೊಳೆಯುತ್ತದೆ. ಕೆಲಸ ಮುಗಿದ ಮೇಲೆ ಉಪಕರಣ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ, ಗಾಳಿ ಎಲ್ಲಿಗೆ ಒಯ್ದರೆ ಅಲ್ಲಿಗೆ. 2025ರ ಜನವರಿಯಲ್ಲಿ ಅಂಥದ್ದೊಂದು ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಬಂದು ಬಿತ್ತು. ಸಹಜವಾಗಿಯೇ ಜನ ಗಾಬರಿಯಾದರು. ಆದರೆ ಬಲೂನಿನ ಜೊತೆ ಕಾಗದವಿತ್ತು. ಇದು ಇಂಥ ಸಂಸ್ಥೆಯದ್ದು ಎಂದು ಗುರುತು ಹೇಳುವ ಕಾಗದ. ಜಲಸಂಗಿ ಯಾವ ಊರು? ಚಾಲುಕ್ಯರ ಕಾಲದ ದೇವಾಲಯದ ಗೋಡೆಯ ಮೇಲೆ ನಿಂತು ಆರನೆಯ ವಿಕ್ರಮಾದಿತ್ಯನ ಬಗ್ಗೆ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ಊರು. ಒಂಬೈನೂರು ವರ್ಷಗಳಿಂದ ಬರೆಯುತ್ತಲೇ ಇರುವ ಹೆಣ್ಣಿನ ಊರಿಗೆ ಆಕಾಶದಿಂದ ಪತ್ರ ಬಂತು. ಇದರಲ್ಲಿ ಸಿಗದ ಬೆರಗು ಯಾವ ಹಾರುವ ತಟ್ಟೆಯಲ್ಲಿ ಸಿಗುತ್ತದೆ ನಿಮಗೆ?

ಇಲ್ಲಿ ನಮ್ಮ ಮನೆಯದೇ ಒಂದು ವಿಷಯ ಹೇಳದೆ ಮುಂದೆ ಹೋದರೆ ಅನ್ಯಾಯವಾದೀತು. ಹಾರುವ ತಟ್ಟೆಯ ವಿದೇಶಿ ಪುಸ್ತಕಗಳು, ಟಿವಿ ಸರಣಿಗಳು ‘ಪ್ರಾಚೀನ ಭಾರತದ ವಿಮಾನ’ಗಳಿಗೆ ಸಾಕ್ಷಿಯಾಗಿ ತೋರಿಸುವ ‘ವೈಮಾನಿಕ ಶಾಸ್ತ್ರ’ ಹುಟ್ಟಿದ್ದು ಬೆಂಗಳೂರಿನ ಪಕ್ಕದ ಆನೇಕಲ್ಲಿನಲ್ಲಿ. ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ್ದು. ಅದರ ಇಂಗ್ಲಿಷ್ ಅನುವಾದ ಬಂದದ್ದು ಮೈಸೂರಿನಿಂದ. ಅದನ್ನು ಗಂಭೀರವಾಗಿ ತೆಗೆದುಕೊಂಡು ಪರೀಕ್ಷಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು, 1974ರಲ್ಲಿ. ಅದರ ಭಾಷೆ ಪ್ರಾಚೀನವಲ್ಲ, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದು, ಅದರಲ್ಲಿ ವರ್ಣಿಸಿದ ಯಾವ ವಿಮಾನವೂ ಹಾರಲಾರದು ಎಂದು ಕಾರಣಸಹಿತ ಬರೆದರು. ನಂಬುಗೆಯನ್ನು ಗೌರವಿಸುವ ರೀತಿ ಅದು. ಕೈಮುಗಿದು ಒಪ್ಪಿಕೊಳ್ಳಲಿಲ್ಲ, ಮೂಗು ಮುರಿದು ಬಿಸಾಡಲೂ ಇಲ್ಲ, ಲೆಕ್ಕ ಹಾಕಿ ನೋಡಿದರು. ಇಷ್ಟಾಗಿ ಐವತ್ತು ವರ್ಷ ಕಳೆದರೂ ಅದೇ ಚಿತ್ರಗಳು ವಾಟ್ಸಾಪಿನಲ್ಲಿ ಹಾರಾಡುತ್ತಿವೆ. ಹಾರದ ವಿಮಾನಗಳು ಹಾರುತ್ತಿರುವುದು ಅಲ್ಲಿ ಮಾತ್ರ.

ಈಗ ಎದುರುವಾದಕ್ಕೆ ಬರುತ್ತೇನೆ. ‘ಎಲ್ಲವನ್ನೂ ಬಲೂನು, ಶುಕ್ರ ಎಂದು ಹೇಳಿ ಮುಗಿಸಲಾಗದು. ವಿವರಿಸಲಾಗದೆ ಉಳಿದದ್ದೂ ಇದೆಯಲ್ಲ?’ ಇದೆ. ಬ್ಲೂ ಬುಕ್ ಯೋಜನೆ 1969ರಲ್ಲಿ ಮುಚ್ಚುವ ಹೊತ್ತಿಗೆ ದಾಖಲಾಗಿದ್ದ 12,618 ವರದಿಗಳಲ್ಲಿ 701ಕ್ಕೆ ಗುರುತು ಸಿಕ್ಕಿರಲಿಲ್ಲ. 2021ರಲ್ಲಿ ಅಮೆರಿಕದ ಗುಪ್ತಚರ ವಿಭಾಗ 144 ವರದಿಗಳನ್ನು ಪರಿಶೀಲಿಸಿ ಖಚಿತವಾಗಿ ವಿವರಿಸಿದ್ದು ಒಂದನ್ನು ಮಾತ್ರ, ಅದು ಗಾಳಿ ಹೋಗುತ್ತಿದ್ದ ದೊಡ್ಡ ಬಲೂನು. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಮೇಲೆ ಏನೋ ಕಂಡು ವಿಮಾನಗಳನ್ನು ಕೆಲವು ಗಂಟೆ ನಿಲ್ಲಿಸಲಾಯಿತು. ವಾಯುಪಡೆಯ ರಫೇಲ್‌ಗಳು ಹುಡುಕಿಕೊಂಡು ಹೋದವು, ಏನೂ ಸಿಗಲಿಲ್ಲ. ಆದರೆ ಉಳಿಕೆ ಎಂಬುದು ಸಾಕ್ಷಿಯಲ್ಲ. ಪ್ರತಿ ಪೊಲೀಸ್ ಠಾಣೆಯಲ್ಲೂ ಪತ್ತೆಯಾಗದ ಕಳ್ಳತನಗಳ ಕಡತ ಇರುತ್ತದೆ. ಅವನ್ನು ದೆವ್ವ ಮಾಡಿತು ಎಂದು ಯಾವ ಇನ್‌ಸ್ಪೆಕ್ಟರೂ ಬರೆಯುವುದಿಲ್ಲ. ಸಾಕಷ್ಟು ಮಾಹಿತಿ ಇಲ್ಲದಿದ್ದರೆ ಕಳ್ಳನೂ ಸಿಗುವುದಿಲ್ಲ, ಬಲೂನೂ ಸಿಗುವುದಿಲ್ಲ.

‘ಹಾಗಾದರೆ 2023ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಪ್ರಮಾಣ ಮಾಡಿ ಹೇಳಿದ ಮಾಜಿ ಗುಪ್ತಚರ ಅಧಿಕಾರಿ?’ ಡೇವಿಡ್ ಗ್ರಶ್ ಹೇಳಿದ್ದು ಬೇರೆಯವರಿಂದ ಕೇಳಿ ತಿಳಿದದ್ದನ್ನು. ತಾನೇ ಕಣ್ಣಾರೆ ಕಂಡ ಅನ್ಯಲೋಕದ ವಾಹನವನ್ನಲ್ಲ. ಪೆಂಟಗನ್ನಿನ ಪರಿಶೀಲನಾ ಕಚೇರಿ 2024ರ ಮಾರ್ಚಿನಲ್ಲಿ ಹಳೆಯ ಕಡತಗಳನ್ನೆಲ್ಲ ನೋಡಿ ಅನ್ಯಲೋಕದ ತಂತ್ರಜ್ಞಾನಕ್ಕೆ ಪುರಾವೆ ಇಲ್ಲ ಎಂದಿತು. ಪೆಂಟಗನ್ನನ್ನು ನಂಬಬೇಕೇ ಎಂದು ಕೇಳಿದರೆ, ಬೇಡ, ಖಂಡಿತ ಬೇಡ. ಅವರ ಆಕಾಶದಲ್ಲಿ ಇಂದು ಯಾವ ಹೊಸ ಯಂತ್ರಗಳು ಹಾರುತ್ತಿವೆ ಎಂದು ಕೇಳಿ. ಆದರೆ ನೀವು ಹಸಿರು ಮನುಷ್ಯರ ಬಗ್ಗೆ ಕೇಳುತ್ತಿರುವವರೆಗೂ ಆ ಪ್ರಶ್ನೆಗೆ ಉತ್ತರಿಸುವ ತಾಪತ್ರಯ ಅವರಿಗಿಲ್ಲ.

ವಿಚಾರವಾದಿಗಳೆಂದು ಕರೆದುಕೊಳ್ಳುವ ನಮ್ಮ ಪಾಳೆಯಕ್ಕೂ ಒಂದು ಮಾತು. ‘ಏನೋ ಕಂಡೆ’ ಎಂದವನಿಗೆ ‘ಎಷ್ಟು ಕುಡಿದಿದ್ದೆ?’ ಎಂದು ಕೇಳುವುದು ವಿಚಾರವಾದವಲ್ಲ, ಸೋಮಾರಿತನ. ಕಂಡವನು ಕಂಡದ್ದನ್ನು ನಂಬಬೇಕು. ಅದರಿಂದ ಅವನು ಮಾಡಿದ ತೀರ್ಮಾನವನ್ನು ಪರೀಕ್ಷಿಸಬೇಕು. ಇವೆರಡನ್ನು ಬೇರೆ ಮಾಡಲು ಬಾರದವರಿಂದಲೇ ಎಷ್ಟೋ ಪೈಲಟ್‌ಗಳು ಬಾಯಿ ಮುಚ್ಚಿಕೊಂಡಿರುತ್ತಾರೆ. ನಾಸಾ ನೇಮಿಸಿದ ಸ್ವತಂತ್ರ ಸಮಿತಿ 2023ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯೂ, ಹಾಸ್ಯಕ್ಕೆ ಗುರಿಯಾಗುವ ಅಂಜಿಕೆ ಒಳ್ಳೆಯ ಮಾಹಿತಿ ಸಿಗದಂತೆ ಮಾಡುತ್ತಿದೆ ಎಂದೇ ಹೇಳಿತು. ವಿಮಾನದ ದಾರಿಯಲ್ಲಿ ನಿಜವಾಗಿಯೂ ಡ್ರೋನ್ ಬಂದಾಗ ಪೈಲಟ್ ಹೇಳಲು ಹಿಂಜರಿದರೆ ಸಾಯುವವರು ಪ್ರಯಾಣಿಕರು.

ಬೇರೆಲ್ಲೂ ಜೀವಿಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಇಷ್ಟು ದೊಡ್ಡ ವಿಶ್ವದಲ್ಲಿ ಇರಲೂಬಹುದು. ಆದರೆ ನಮ್ಮ ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರವೇ ನಾಲ್ಕು ಜ್ಯೋತಿರ್ವರ್ಷಕ್ಕೂ ದೂರದಲ್ಲಿದೆ. 1977ರಲ್ಲಿ ಹೊರಟ ವಾಯೇಜರ್-1ರ ವೇಗದಲ್ಲಿ ಅಷ್ಟು ದೂರ ಹೋಗಲು 70,000 ವರ್ಷಕ್ಕೂ ಹೆಚ್ಚು ಬೇಕು. ಆ ದೂರವನ್ನು ದಾಟಿ ಬಂದವರು ನಮ್ಮ ಹೊಲದ ಮೇಲೆ ಎರಡು ನಿಮಿಷ ಮಿನುಗಿ, ಮಸುಕು ಫೋಟೋ ಒಂದನ್ನು ತೆಗೆಸಿಕೊಂಡು ವಾಪಸ್ ಹೋಗುತ್ತಾರೆ ಎಂದು ನಂಬುವುದು ಅವರ ಬುದ್ಧಿಗೂ ಅವಮಾನ.

ಕೊನೆಗೆ ನನ್ನ ತಮ್ಮನ ಆ ಬೆಳಕಿನ ಸಾಲಿಗೆ ಮರಳುತ್ತೇನೆ. 2019ರ ಮೇ ತಿಂಗಳಲ್ಲಿ ಒಂದು ಖಾಸಗಿ ಕಂಪನಿ ಮೊದಲ 60 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಬಿಟ್ಟಿತು. ಇಂದು ಅವು ಸಾವಿರಾರು. ತಮ್ಮ ದೂರದರ್ಶಕದ ಚಿತ್ರಗಳ ಮೇಲೆ ಇವು ಬಿಳಿ ಗೀರು ಎಳೆಯುತ್ತಿವೆ ಎಂದು ಜಗತ್ತಿನ ಖಗೋಳ ವಿಜ್ಞಾನಿಗಳು ಅಂದಿನಿಂದಲೂ ದೂರುತ್ತಿದ್ದಾರೆ. ಮನುಷ್ಯಜಾತಿ ಹುಟ್ಟಿದಾಗಿನಿಂದ ಎಲ್ಲರಿಗೂ ಸೇರಿದ್ದ ರಾತ್ರಿಯ ಆಕಾಶವನ್ನು ಹೀಗೆ ಬದಲಿಸಲು ಯಾರು ಯಾರಿಂದ ಅನುಮತಿ ಪಡೆದರು? ಆ ಉಪಗ್ರಹಗಳಿಂದ ಗುಡ್ಡಗಾಡಿನ ಶಾಲೆಗೆ ಇಂಟರ್‌ನೆಟ್ ಬಂದರೆ ಒಳ್ಳೆಯದೇ, ಆದರೆ ಯಾವ ದೇಶಕ್ಕೆ ಯಾವಾಗ ಸಂಪರ್ಕ ಕೊಡಬೇಕು, ಯಾವಾಗ ತಪ್ಪಿಸಬೇಕು ಎಂಬ ತೀರ್ಮಾನ ಯಾರ ಕೈಯಲ್ಲಿರಬೇಕು? ಅನ್ಯಗ್ರಹದವರು ಬಂದು ಆಕಾಶವನ್ನು ಆಕ್ರಮಿಸುತ್ತಾರೆ ಎಂದು ಎಪ್ಪತ್ತು ವರ್ಷ ಕಥೆ ಕಟ್ಟಿದೆವು. ಆಕ್ರಮಣ ನಡೆದಾಗ, ಅದು ನಮ್ಮದೇ ಭೂಮಿಯಿಂದ ನಡೆದದ್ದರಿಂದ, ‘ಅಷ್ಟೇನಾ’ ಅಂದೆವು.

ವಿದ್ಯಾರ್ಥಿಗಳಾಗಿರುವ ಓದುಗರೇ, ಮುಂದಿನ ಸಲ ಆಕಾಶದಲ್ಲಿ ಏನಾದರೂ ಕಂಡರೆ ವಿಡಿಯೋ ಹಂಚುವ ಮೊದಲು ಗಂಟೆ ಎಷ್ಟು, ಯಾವ ದಿಕ್ಕು, ಎಷ್ಟು ಹೊತ್ತು, ಯಾವ ಕಡೆಯಿಂದ ಯಾವ ಕಡೆಗೆ ಎಂದು ಬರೆದುಕೊಳ್ಳಿ. ಶುಕ್ರ, ಗುರು ಎಲ್ಲಿವೆ ಎಂದು ನೋಡಿ. ಅಂದು ರಾಕೆಟ್ಟೋ ಕ್ಷಿಪಣಿಯೋ ಹಾರಿದೆಯೇ, ಬಲೂನು ಬಿಟ್ಟಿದ್ದಾರೆಯೇ ಹುಡುಕಿ. ಆಮೇಲೆ ಅಸಲು ಪ್ರಶ್ನೆ ಕೇಳಿ, ಇದು ಯಾರದ್ದು, ನಮ್ಮ ತಲೆಯ ಮೇಲೆ ಯಾಕಿದೆ ಎಂದು.

ಹದಿನೈದು ದಿನ ಬಿಟ್ಟು ತಮ್ಮ ಮತ್ತೆ ಫೋನ್ ಮಾಡಿದ. ಅಡಿಕೆ ರೇಟು, ಚಿಕ್ಕಮ್ಮನ ಮಂಡಿನೋವು ಎಲ್ಲ ಆದ ಮೇಲೆ, ‘ಅಣ್ಣಾ, ಅವತ್ತು ಹೇಳಿದ್ಯಲ್ಲ, ಆ ಲೈಟುಗಳು. ನಮ್ಮೂರ ಮೇಲೆ ಬಿಡೋಕೆ ಯಾರನ್ನಾದ್ರೂ ಕೇಳಿದ್ರಾ ಅವರು?’ ಅಂದ.

ನಾನು ಇಷ್ಟುದ್ದ ಬರೆದದ್ದನ್ನು ಅವನು ಒಂದೇ ಮಾತಿನಲ್ಲಿ ಕೇಳಿದ್ದ.